ಮೂರನೇ ಗೇಟಿನ ಬೀಗ

ಇಪ್ಪತ್ತಾರು ವರ್ಷ ಬೀಗದಕ್ಕ ಆ ಕ್ಲಬ್ಬಿನ ಫುಟ್‌ಬಾಲ್ ಆಟವನ್ನು ಕಿವಿಯಿಂದ ಕೇಳಿದಳೇ ಹೊರತು ಕಣ್ಣಿಂದ ನೋಡಿದವಳಲ್ಲ. ಅವಳ ಕೋಣೆ ಇದ್ದದ್ದು ಮೈದಾನದ ಪೂರ್ವ ದಿಕ್ಕಿನ ಮರದ ಗ್ಯಾಲರಿಯ ಅಡಿಯಲ್ಲಿ, ಮೆಟ್ಟಿಲು ಇಳಿದು ಬೀದಿಗೆ ಬೀಳುವ ಮೂರನೇ ಗೇಟಿನ ಪಕ್ಕದಲ್ಲಿ, ಗೇಟಿನಿಂದ ಹೊರಗೆ. ಒಂದು ಸ್ಟೂಲು, ಎರಡು ಇಟ್ಟಿಗೆಯ ಮೇಲೆ ಕೂರಿಸಿದ ಸ್ಟೌ, ಗೋಡೆಯ ಮೊಳೆಗೆ ನೇತುಹಾಕಿದ ಕೋಟು, ಅಲ್ಲಿಗೆ ಮುಗಿಯಿತು ಅವಳ ಅಲ್ಲಿಯ ಸಂಸಾರ. ತಲೆ ಎತ್ತಿದರೆ ಹಲಗೆ. ಹಲಗೆಯ ಮೇಲೆ ನಾಲ್ಕು ಸಾವಿರ ಜನರ ಕಾಲು.

ಆ ಕಾಲುಗಳೇ ಅವಳಿಗೆ ಆಟ ಹೇಳುತ್ತಿದ್ದವು. ಕ್ಲಬ್ಬಿನವರು ಚೆಂಡು ಹಿಡಿದು ಮುಂದೆ ನುಗ್ಗಿದರೆ ಹಿಮ್ಮಡಿಗಳು ಎದ್ದು ಬೆರಳ ಮೇಲೆ ಭಾರ ಬೀಳುತ್ತಿತ್ತು, ಹಲಗೆ ಕಿರ್ ಅನ್ನುತ್ತಿತ್ತು. ಎದುರಾಳಿಗಳು ನುಗ್ಗಿದರೆ ಮೌನ. ಎಲ್ಲೋ ಒಬ್ಬ ಮುದುಕನ ಕೆಮ್ಮು ಮಾತ್ರ. ಗೋಲು ಬಿದ್ದರೆ ಸಂದುಸಂದಿನಿಂದ ದೂಳು ಉದುರಿ ಅವಳ ಚಹಾದ ಲೋಟಕ್ಕೆ ಬೀಳುತ್ತಿತ್ತು. ಎಷ್ಟು ಗೋಲಾಯಿತು ಅಂತ ಕೇಳಿದರೆ ಬೀಗದಕ್ಕ ಲೋಟ ನೋಡಿ ಹೇಳುತ್ತಾಳೆ ಎಂದು ಜನ ತಮಾಷೆ ಮಾಡುತ್ತಿದ್ದರು. ಬಹುಪಾಲು ಸರಿಯಾಗಿಯೇ ಹೇಳುತ್ತಿದ್ದಳು.

ಕ್ಲಬ್ಬು ಹುಟ್ಟಿದ್ದು ಹಗ್ಗದ ಕಾರ್ಖಾನೆಯ ಅಂಗಳದಲ್ಲಿ. ಊಟದ ಬಿಡುವಿನಲ್ಲಿ ನಾರಿನ ಚೂರುಗಳನ್ನು ಸುತ್ತಿ ಚೆಂಡು ಮಾಡಿಕೊಂಡು ಒದೆಯುತ್ತಿದ್ದ ಕೆಲಸಗಾರರಲ್ಲಿ ಬೀಗದಕ್ಕನ ಮಾವನೂ ಒಬ್ಬ. ಹಗ್ಗ ಎಳೆದೆಳೆದು ಅವನ ಅಂಗೈ ಹಲಗೆಯಾಗಿತ್ತು, ಅದಕ್ಕೇ ಅವನನ್ನು ಗೋಲಿನಲ್ಲಿ ನಿಲ್ಲಿಸಿದರು. ಆ ಅಂಗೈಗಳನ್ನು ನಂಬಿಕೊಂಡು ಕಾರ್ಖಾನೆಯವರು ಸತತ ಮೂರು ವರ್ಷ ಕಪ್ಪು ತಂದರು. ಅದು ಕ್ಲಬ್ಬಿನ ಮೊದಲನೇ ದೊಡ್ಡ ಕಾಲ. ಮಾವ ಸಾಯುವ ತನಕ ಅದನ್ನೇ ಹೇಳುತ್ತಿದ್ದ. ನಿನ್ನೆ ಏನು ತಿಂದೆ ಎಂದರೆ ನೆನಪಿಲ್ಲ, ನಲವತ್ತು ವರ್ಷದ ಹಿಂದೆ ಯಾವ ಕಡೆಯಿಂದ ಚೆಂಡು ಬಂತು ಎಂದರೆ ಎದ್ದು ನಿಂತು ತೋರಿಸುತ್ತಿದ್ದ.

ಆಮೇಲೆ ಬಂದದ್ದು ಬರಗಾಲ. ಹತ್ತೊಂಬತ್ತು ವರ್ಷ ಒಂದು ಕಪ್ಪಿಲ್ಲ. ಬೀಗದಕ್ಕ ಗೇಟಿನ ಕೆಲಸಕ್ಕೆ ಸೇರಿದ್ದು ಆ ಬರಗಾಲದ ಮೊದಲ ವರ್ಷ. ಟಿಕೆಟ್ಟು ಹರಿಯುವುದು, ಆಟಕ್ಕೆ ಮುಂಚೆ ಗೇಟು ತೆರೆಯುವುದು, ಎಲ್ಲ ಹೋದ ಮೇಲೆ ಮುಚ್ಚುವುದು, ಇಷ್ಟೇ ಕೆಲಸ. ಕೆಲವು ದಿನ ಮೇಲೆ ಕೂತವರನ್ನು ಕೆಮ್ಮಿನಿಂದಲೇ ಲೆಕ್ಕ ಹಾಕಬಹುದಿತ್ತು. ಅವಳ ಗಂಡ ಮಾತ್ರ ಒಂದು ಆಟವನ್ನೂ ಬಿಟ್ಟವನಲ್ಲ. ಅಪ್ಪನ ಹಾಗೆ ಅವನೂ ಹಗ್ಗ ಹೊಸೆಯುವವನು. ಏಳನೇ ಸಾಲು, ಕಂಬದ ಪಕ್ಕ, ಅದೇ ಜಾಗ. ಹೆಂಡತಿ ಕೆಳಗೆ, ಗಂಡ ಮೇಲೆ. ಅವನು ಸಿಟ್ಟಿನಲ್ಲಿ ಕಾಲು ಅಪ್ಪಳಿಸಿದರೆ ಇವಳು ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಹಲಗೆಗೆ ಕುಟ್ಟುತ್ತಿದ್ದಳು. ಆಗ ಭಯ ಎನ್ನುವ ಮಾತೇ ಇರಲಿಲ್ಲ.

ಇಪ್ಪತ್ತನೇ ವರ್ಷದ ಮೊದಲ ಆಟದ ದಿನ ಮೂರನೇ ಗೇಟಿನ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದಳು. ಕೀಲಿ ಮುರಿದು ಅರ್ಧ ಒಳಗೇ ಉಳಿಯಿತು. ಬಂದಿದ್ದವರೇ ಎಂಟುನೂರು ಜನ, ಎಲ್ಲರೂ ಆ ತುದಿಯ ಎರಡನೇ ಗೇಟಿನಿಂದ ಹೋಗಿ ಬಂದರು. ಆವತ್ತು ಕ್ಲಬ್ಬು ಹಿಂದಿನ ವರ್ಷ ಕಪ್ಪು ಗೆದ್ದವರನ್ನೇ ಐದು ಗೋಲಿನಿಂದ ಮಣ್ಣು ಮುಕ್ಕಿಸಿತು. ಮುಂದಿನ ಆಟದ ಹೊತ್ತಿಗೆ ಹೊಸ ಬೀಗ ಬಂತು, ಗೇಟು ತೆರೆಯಿತು, ಸೋತರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ಹತ್ತೊಂಬತ್ತು ವರ್ಷ ಹಸಿದವರಿಗೆ ಕಾಗೆಯೂ ದೇವರೇ.

ಆ ಕಾಲದ ಕೋಚು ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವ ಮನುಷ್ಯ, ಎಲ್ಲರೂ ಅವರನ್ನು ಮಫ್ಲರ್ ಮಾಸ್ತರು ಎನ್ನುತ್ತಿದ್ದರು. ಅವರೇ ತಲೆ ತಗ್ಗಿಸಿ ಅವಳ ಕೋಣೆಯೊಳಗೆ ಬಂದರು. ಜನ ಒಳಗೆ ಬಂದು ಕೂತ ಮೇಲೆ, ಆಟ ಶುರುವಾಗುವ ಸೀಟಿಗೆ ಮುಂಚೆ ಮೂರನೇ ಗೇಟಿಗೆ ಬೀಗ ಬೀಳಬೇಕು. ಕೊನೆಯ ಸೀಟಿ ಆಗುವ ತನಕ ತೆಗೆಯಕೂಡದು ಎಂದರು. ಹೇಳುವಾಗ ಅವರಿಗೇ ನಾಚಿಕೆಯಾಗಿ ಸ್ಟೌ ನೋಡುತ್ತಿದ್ದರು. ಅವಳು ನಕ್ಕು ಆಗಲಿ ಅಂದಳು. ಬೀಗ ಹಾಕಿದಳು. ಕ್ಲಬ್ಬು ಗೆದ್ದಿತು. ಮತ್ತೆ ಹಾಕಿದಳು, ಮತ್ತೆ ಗೆದ್ದಿತು.

ಹಾಗೆ ಶುರುವಾಯಿತು ಆ ಏಳು ವರ್ಷದ ದೊಡ್ಡ ಕಾಲ. ನಾಲ್ಕು ಕಪ್ಪು. ಸ್ವಂತ ಮೈದಾನದಲ್ಲಿ ಅರವತ್ತೊಂದು ಆಟ ಸೋಲಿಲ್ಲ. ಅವಳಿಗೆ ಬೀಗದಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ. ದಿನಸಿ ಅಂಗಡಿಯಲ್ಲಿ ಸಾಲು ಬಿಟ್ಟು ಮುಂದೆ ಕರೆಯುತ್ತಿದ್ದರು. ಜನ ಒಳಗೆ ಹೋಗುವಾಗ ಬೀಗ ಮುಟ್ಟಿ ಹೋಗುತ್ತಿದ್ದರು, ಮುಟ್ಟಿ ಮುಟ್ಟಿ ಹಿತ್ತಾಳೆ ಕನ್ನಡಿಯಾಗಿತ್ತು. ಕ್ಯಾಪ್ಟನ್ನು, ಎಲ್ಲರೂ ಉದ್ದಕಾಲ ಎಂದು ಕರೆಯುತ್ತಿದ್ದ ಹುರಿಯಾಳು, ಮೈದಾನಕ್ಕೆ ಇಳಿಯುವ ಮುಂಚೆ ಗ್ಯಾಲರಿ ಸುತ್ತಿಕೊಂಡು ಓಡಿ ಬಂದು ಬೀಗವನ್ನು ಎರಡು ಸಲ ಜಗ್ಗಿ ನೋಡದೆ ಹೋಗುತ್ತಿರಲಿಲ್ಲ.

ಭಯ ಹುಟ್ಟಿದ್ದು ನಾಲ್ಕನೇ ವರ್ಷ. ಅಷ್ಟರಲ್ಲಿ ನಾಲ್ಕು ಸಾವಿರದ ಗ್ಯಾಲರಿಗೆ ಆರು ಸಾವಿರ ಜನ ತುಂಬುತ್ತಿದ್ದರು. ಒಂದು ದಿನ ಗಾಳಿಗೆ ಮೇಲಿನ ಚಾವಣಿಯ ತಗಡೊಂದು ಎದ್ದು ಢಬ್ ಎಂದು ಬಿತ್ತು. ಹತ್ತಿರವಿದ್ದ ಐವತ್ತು ಅರವತ್ತು ಜನ ಗಾಬರಿಯಾಗಿ ಮೆಟ್ಟಿಲು ಇಳಿದು ಬಂದರು. ಬಂದದ್ದು ಮೂರನೇ ಗೇಟಿಗೆ, ದಿನಾ ಹೋಗುವ ದಾರಿ ಅದೇ ತಾನೇ. ಮುಂದಿನವರು ಸರಳುಗಳಿಗೆ ಒರಗಿದರು, ಹಿಂದಿನವರು ಮುಂದಿನವರಿಗೆ ಒರಗಿದರು. ಒಂದು ಹೆಂಗಸು ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಕ್ಕಾ ತೆಗೀರಿ ಅಂದಳು. ಬೀಗದಕ್ಕ ಕೀಲಿ ಹಾಕಿದಳು. ತಿರುಗಲಿಲ್ಲ. ಒಳಗಿನ ಭಾರಕ್ಕೆ ಬೀಗದ ಕೊಂಡಿ ಸೆಟೆದು ನಿಂತಿತ್ತು. ಅಷ್ಟರಲ್ಲಿ ಮೇಲಿಂದ ಯಾರೋ ಬರೀ ತಗಡು ಕಣ್ರೋ ಎಂದು ಕೂಗಿದರು, ಜನ ನಗುತ್ತಾ ವಾಪಸು ಹತ್ತಿದರು. ಭಾರ ಇಳಿದ ಕೂಡಲೇ ಅವಳ ಕೈಯಲ್ಲಿದ್ದ ಕೀಲಿ ತಾನಾಗಿ ತಿರುಗಿತು. ಅವಳು ಮತ್ತೆ ಮುಚ್ಚಿದಳು. ಯಾರೂ ನೋಡಲಿಲ್ಲ.

ಅಂದಿನಿಂದ ಭಯ ಆ ಕೋಣೆಗೆ ಬಂದು ತನ್ನದೇ ಒಂದು ಸ್ಟೂಲು ಹಾಕಿಕೊಂಡು ಕೂತಿತು. ಗೋಲು ಬಿದ್ದು ಜನ ಕುಣಿದರೆ ಮೊದಲಿನ ಹಾಗೆ ನಗು ಬರುತ್ತಿರಲಿಲ್ಲ. ಪ್ರತಿ ಆಟದ ಬೆಳಿಗ್ಗೆ ಬೀಗಕ್ಕೆ ಎಣ್ಣೆ ಬಿಟ್ಟು ಇಪ್ಪತ್ತು ಸಲ ತೆಗೆದು ಹಾಕಿ ನೋಡುತ್ತಿದ್ದಳು. ಕೀಲಿಯನ್ನು ಕೋಟಿನ ಜೇಬಿನಲ್ಲಿ ಇಡದೆ ಕೈಯಲ್ಲೇ ಹಿಡಿದು ಕೂರುತ್ತಿದ್ದಳು. ಆಟ ಮುಗಿದಾಗ ಅಂಗೈಯಲ್ಲಿ ಕೀಲಿಯ ಹಲ್ಲುಗಳ ಗುರುತು ಮೂಡಿರುತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟಳು. ಬಾಗಿಲು ಹಾಕಿದರೆ ಉಸಿರು ಕಟ್ಟಿದಂತಾಗುತ್ತಿತ್ತು.

ಆಟದ ಹೊತ್ತಿನಲ್ಲಿ ಗೇಟಿಗೆ ಬೀಗ ಬೇಡ ಎಂದು ಹೇಳಬೇಕಾದವರಿಗೆಲ್ಲ ಹೇಳಿದಳು. ಕ್ಲಬ್ಬಿನ ಸೆಕ್ರೆಟರಿ ಕಾಗದಗಳಿಂದ ತಲೆ ಎತ್ತದೆ, ಇಷ್ಟು ವರ್ಷದಲ್ಲಿ ಏನಾದರೂ ಆಗಿದೆಯೇ ಎಂದು ಕೇಳಿದರು. ಆಗಿಲ್ಲ ಅಂದಳು. ಮತ್ತೆ? ಅಂದರು.  ಉದ್ದಕಾಲನಿಗೂ ಹೇಳಿದಳು. ಅಷ್ಟೆತ್ತರದ ಆಳು, ಎದುರಿನವರ ನಾಲ್ಕು ಜನ ಬಂದು ಬಿದ್ದರೂ ಅಲುಗದವನು, ಅವಳ ಮಾತು ಕೇಳಿ ಬಿಳಚಿಕೊಂಡ.

“ಅಕ್ಕಾ, ಬೇರೆ ಏನಾದ್ರೂ ಕೇಳಿ. ಅದೊಂದು ಮಾತ್ರ ಬೇಡ. ನೀವು ಹಾಕಿದೀರಿ ಅಂತ ಗೊತ್ತಿದ್ರೇನೇ ನನ್ನ ಕಾಲು ಓಡೋದು.”

ಅವಳಿಗೆ ಆಗ ಅರ್ಥವಾಯಿತು, ಹೆದರಿಕೆ ತನ್ನ ಕೋಣೆಯಲ್ಲಿ ಮಾತ್ರ ಇಲ್ಲ, ಆ ಹನ್ನೊಂದು ಜನರ ಕಾಲಿನಲ್ಲೂ ಇದೆ ಎಂದು. ಗೆಲ್ಲುತ್ತಾ ಗೆಲ್ಲುತ್ತಾ ಅವರು ಹೆಚ್ಚು ಹೆದರುತ್ತಿದ್ದರು.

ಗಂಡನ ಹತ್ತಿರ ಹೇಳಿದರೆ ಅವನು ಊಟದ ತಟ್ಟೆ ಮುಂದಿಟ್ಟುಕೊಂಡೇ ನಕ್ಕ.

“ಹಗ್ಗ ಹೊಸೆಯೋನ ಹೆಂಡ್ತಿ ನೀನು. ಹಗ್ಗ ಕಂಡ್ರೂ ಹಾವು ಅಂತೀಯಲ್ಲೇ.”

“ಕಚ್ಚಿದ ಮೇಲೆ ಹಾವೇ ಅಂತ ಗೊತ್ತಾದ್ರೆ ಏನು ಬಂತು ರೀ?”

“ಅರವತ್ತು ಆಟ ಕಚ್ಚಿಲ್ಲ.”

ಏಳನೇ ವರ್ಷದ ಕೊನೆಯ ಆಟ, ಅರವತ್ತೆರಡನೆಯದು. ಸಮ ಮಾಡಿಕೊಂಡರೂ ಸಾಕು, ಐದನೇ ಕಪ್ಪು. ಮಧ್ಯಾಹ್ನ ಮೂರಕ್ಕೆ ಆಟ. ಹನ್ನೊಂದಕ್ಕೇ ಗ್ಯಾಲರಿ ತುಂಬಿತು. ಅವಳು ಟಿಕೆಟ್ಟು ಹರಿಯುತ್ತಾ ಹರಿಯುತ್ತಾ ಎಣಿಕೆ ತಪ್ಪಿದಳು. ಉದ್ದಕಾಲ ಬಂದು ಬೀಗ ಜಗ್ಗಿ ಹೋದ. ಸೀಟಿಯಾಯಿತು. ಅವಳು ಕೀಲಿ ಹಿಡಿದು ಕೂತಳು.

ಅರ್ಧ ಆಟಕ್ಕೆ ಮುಂಚೆ ದೂಳು ಉದುರಿತು, ಕ್ಲಬ್ಬಿನದೇ ಗೋಲು. ಆಮೇಲೆ ಬಹಳ ಹೊತ್ತು ಎಲ್ಲ ಕಾಲುಗಳೂ ಸುಮ್ಮನಿದ್ದವು. ಇನ್ನು ಹತ್ತು ನಿಮಿಷ ಇರಬೇಕು ಎಂದು ಅವಳು ಅಂದಾಜು ಮಾಡುತ್ತಿದ್ದಾಗ ಮೇಲೆ, ತುಂಬ ಮೇಲೆ, ಮರ ಸೀಳಿದ ಸದ್ದಾಯಿತು. ಒಂದೇ ಸದ್ದು. ಅದರ ಹಿಂದೆ ಒಂದು ಹೆಂಗಸಿನ ಕೂಗು.

ಆಮೇಲೆ ಕಾಲುಗಳು ಹೊರಟವು. ಇಪ್ಪತ್ತಾರು ವರ್ಷದಲ್ಲಿ ಅವಳು ಆ ಕಾಲುಗಳ ಕುಣಿತ ಕೇಳಿದ್ದಳು, ಸಿಟ್ಟು ಕೇಳಿದ್ದಳು, ಮಳೆಯ ದಿನದ ಜಾರಾಟ ಕೇಳಿದ್ದಳು. ಎಲ್ಲವೂ ಒಂದೇ ದಿಕ್ಕಿಗೆ ಹೋಗುವುದನ್ನು ಕೇಳಿರಲಿಲ್ಲ. ದೂಳು ಕೋಣೆಯ ಒಂದು ಮೂಲೆಯಿಂದ ಶುರುವಾಗಿ ಅವಳ ತಲೆಯ ಮೇಲೆ ಬಂದು, ಗೇಟಿನ ಕಡೆಗೆ ಗೆರೆ ಎಳೆದ ಹಾಗೆ ಉದುರುತ್ತಾ ಹೋಯಿತು. ಎದುರಿನ ಗ್ಯಾಲರಿಗಳಲ್ಲಿ ಇನ್ನೂ ಹಾಡು ನಡೆದಿತ್ತು, ಅವರಿಗೇನೂ ಗೊತ್ತಿರಲಿಲ್ಲ.

ಅವಳು ಎದ್ದಳು. ಬಾಗಿಲು ಹಿಡಿದುಕೊಂಡು ಗೇಟಿಗೆ ಬಂದಳು. ಸರಳುಗಳ ಒಳಗೆ ಮುಖಗಳು. ಮೊದಲ ಸಾಲಿನ ಕ್ಷೌರಿಕ, ಅವಳಿಗೆ ಚೆನ್ನಾಗಿ ಗೊತ್ತಿದ್ದವನು, ಕೆನ್ನೆ ಎರಡು ಸರಳುಗಳ ನಡುವೆ ಸಿಕ್ಕಿಕೊಂಡು ಅವಳನ್ನೇ ನೋಡುತ್ತಿದ್ದ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಯಾರೂ ಕೂಗುತ್ತಿರಲಿಲ್ಲ. ಕೂಗಲು ಉಸಿರು ಬೇಕಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು, ಅಷ್ಟೊಂದು ಜನ, ಅಷ್ಟು ಮೌನ. ಸರಳಿನಾಚೆ ಚಾಚಿದ ಒಂದು ಕೈ ಗಾಳಿಯಲ್ಲಿ ಬೆರಳು ಆಡಿಸುತ್ತಿತ್ತು.

ಕೀಲಿ ಹಾಕಿದಳು. ಅರ್ಧ ತಿರುಗಿ ನಿಂತಿತು. ಒಂದು ಹೆಜ್ಜೆ ಹಿಂದೆ ಸರೀರಿ ಅಂದಳು. ಸರಿಯಲು ಅಲ್ಲಿ ಹಿಂದೆ ಎನ್ನುವುದೇ ಇರಲಿಲ್ಲ. ಒಂದು ಕ್ಷಣ, ಅದನ್ನು ಅವಳು ಎಂದೂ ಮುಚ್ಚಿಡಲಿಲ್ಲ, ಒಂದು ಕ್ಷಣ ಅವಳ ತಲೆಯಲ್ಲಿ ಇನ್ನು ಎಷ್ಟು ನಿಮಿಷ ಆಟ ಉಳಿದಿದೆ ಎಂಬ ಯೋಚನೆ ಬಂತು. ಆಮೇಲೆ ಕೋಣೆಗೆ ಓಡಿ ಸ್ಟೌ ಒದ್ದು ಅದರಡಿಯ ಇಟ್ಟಿಗೆ ಎತ್ತಿಕೊಂಡು ಬಂದಳು. ಎಡಗೈಯಲ್ಲಿ ಕೀಲಿ ತಿರುಚಿ ಹಿಡಿದು ಬಲಗೈಯಲ್ಲಿ ಬೀಗದ ಮೇಲೆ ಹೊಡೆದಳು. ಬೆರಳಿಗೆ ಬಿತ್ತು. ಮತ್ತೆ ಹೊಡೆದಳು. ಎಷ್ಟನೆಯ ಏಟೋ, ಕೊಂಡಿ ಹಾರಿ ಅವಳ ಮುಖಕ್ಕೆ ಬಡಿಯಿತು, ಗೇಟು ಅವಳನ್ನೂ ತಳ್ಳಿಕೊಂಡು ಬೀದಿಗೆ ತೆರೆಯಿತು.

ಜನ ಬಿದ್ದರು. ಬಿದ್ದವರ ಮೇಲೆ ಬಿದ್ದರು, ತೆವಳಿದರು, ಬೀದಿಯ ಆಚೆ ಹೋಗಿ ಕೂತು ವಾಂತಿ ಮಾಡಿದರು. ಹನ್ನೊಂದು ಜನರ ಮೂಳೆ ಮುರಿದಿತ್ತು. ಒಂದು ಹೆಣ್ಣುಮಗುವಿಗೆ ಅರ್ಧ ಗಂಟೆ ಪ್ರಜ್ಞೆ ಬರಲಿಲ್ಲ, ಆಮೇಲೆ ಬಂತು. ಯಾರೂ ಸಾಯಲಿಲ್ಲ.

ಅದೇ ಹೊತ್ತಿಗೆ ಮೈದಾನದಲ್ಲಿ ಕ್ಲಬ್ಬು ಎರಡು ಗೋಲು ತಿಂದು ಸೋತಿತು.

ಮೈದಾನದ ನಡುವಿನಿಂದ ನೋಡಿದರೆ ಮೆಟ್ಟಿಲ ಸಂದಿನಲ್ಲಿ ಮೂರನೇ ಗೇಟು ಕಾಣುತ್ತಿತ್ತಂತೆ. ಅದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಸರಳುಗಳು ಕಂಡರೆ ಆಟಗಾರರಿಗೆ ಧೈರ್ಯ. ಆವತ್ತು ಆ ಸಂದಿನಲ್ಲಿ ಇದ್ದಕ್ಕಿದ್ದಂತೆ ಸರಳು ಹೋಗಿ ಬರೀ ಬೀದಿಯ ಬೆಳಕು ಕಂಡಿತು, ನನ್ನ ಕಾಲು ನಿಂತೇ ಹೋಯಿತು ಎಂದು ಉದ್ದಕಾಲ ಪೇಪರಿನವರಿಗೆ ಹೇಳಿದ. ಅವಳನ್ನು ಅವನು ಒಂದು ಮಾತೂ ಬೈಯಲಿಲ್ಲ. ಬೈಯುವ ಕೆಲಸವನ್ನು ಮಿಕ್ಕವರು ವಹಿಸಿಕೊಂಡರು. ಗ್ಯಾಲರಿ ನೋಡಲು ಇಂಜಿನಿಯರು ಬಂದ. ಮೇಲಿನ ಸಾಲಿನಲ್ಲಿ ಒಂದೇ ಒಂದು ಹಲಗೆ ಬಿರಿದಿದೆ, ಮಿಕ್ಕಿದ್ದೆಲ್ಲ ಕಲ್ಲಿನ ಹಾಗಿದೆ ಎಂದು ಬರೆದುಕೊಟ್ಟ. ಅಲ್ಲಿಗೆ ಎಲ್ಲರಿಗೂ ಆಧಾರ ಸಿಕ್ಕಿತು. ಏನೂ ಆಗ್ತಿರಲಿಲ್ಲ, ಸುಮ್ಮನೆ ತೆಗೆದಳು ಎಂದರು. ನಾಲ್ಕು ಹೆಣ ಬಿದ್ದಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದರೋ ಏನೋ; ಹೆಣ ಬೀಳದೆ ಇದ್ದದ್ದೇ ಅವಳ ತಪ್ಪಾಯಿತು. ಗೇಟಿಗೆ ಕೆನ್ನೆ ಸಿಕ್ಕಿಸಿಕೊಂಡಿದ್ದ ಕ್ಷೌರಿಕನೂ ಅಂಗಡಿಯಲ್ಲಿ ಕೂತು, ಇನ್ನೈದು ನಿಮಿಷ ತಡೆದಿದ್ದರೆ ಕಪ್ಪು ನಮ್ಮದೇ ಅಂದನಂತೆ.

ಕಿಟಕಿಗೆ ಕಲ್ಲು ಬಿತ್ತು. ದಿನಸಿ ಅಂಗಡಿಯಲ್ಲಿ ಅವಳ ಸರದಿ ಬಂದರೆ ಸಾಮಾನು ಮುಗಿದಿರುತ್ತಿತ್ತು. ಬೀದಿಯಲ್ಲಿ ಹಿಂದೆ ಹೆಜ್ಜೆ ಸದ್ದು ಕೇಳಿದರೆ ಗೋಡೆಗೆ ಒರಗಿ ನಿಂತು ದಾಟಿಹೋಗಲು ಬಿಡುತ್ತಿದ್ದಳು. ಸೆಕ್ರೆಟರಿ ಕೆಲಸದಿಂದ ತೆಗೆದರು. ಗಂಡ ಆವತ್ತು ಎದೆಗೂಡಿಗೆ ಪೆಟ್ಟಾಗಿ ಮನೆಗೆ ಬಂದವನು ಎರಡೇ ಮಾತು ಆಡಿದ.

“ಅರವತ್ತೊಂದು ಆಟ. ನಿನ್ನ ಕೈಯಿಂದಲೇ ಹೋಗ್ಬೇಕಿತ್ತಾ?”

ಆಮೇಲೆ ತಿಂಗಳುಗಟ್ಟಲೆ ಅವಳ ಜೊತೆ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ತೆಗೆದರೆ ಏಳುತ್ತಿದ್ದ.

ಇಷ್ಟನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದೆ ಹೋದದ್ದು ಇನ್ನೊಂದು. ಹೊಸ ವರ್ಷದ ಆಟಗಳಿಗೆ ಗೇಟು ಕಾಯಲು ನಿವೃತ್ತ ಪೊಲೀಸಿನವನೊಬ್ಬನನ್ನು ಇಟ್ಟರು. ಇನ್ನೂ ದೊಡ್ಡ ಬೀಗ ತಂದರು. ನಂಬಿಕೆ ಈಗ ಮೊದಲಿಗಿಂತ ಗಟ್ಟಿಯಾಗಿತ್ತಲ್ಲ, ತೆಗೆದ ದಿನವೇ ಸೋತದ್ದು ಎಲ್ಲರೂ ಕಣ್ಣಾರೆ ಕಂಡದ್ದು. ಆ ಮನುಷ್ಯ ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಸೀಟಿಯಾದ ಕೂಡಲೇ ಆಟ ನೋಡಲು ಎದುರಿನ ಗ್ಯಾಲರಿಗೆ ಹೋಗಿಬಿಡುತ್ತಾನೆ ಎಂದು ಅವಳಿಗೆ ತಿಳಿಯಿತು. ಗೇಟು ಇಲ್ಲಿ, ಕೀಲಿ ಮೈದಾನದ ಆಚೆ. ಆ ಸುದ್ದಿ ಕೇಳಿದ ದಿನವೇ ಸೆಕ್ರೆಟರಿಯ ಬಾಗಿಲಿಗೆ ಹೋದಳು, ಒಳಗೆ ಬಿಡಲಿಲ್ಲ. ಮುಂದಿನ ಆಟದ ದಿನ ಗಂಡ ಎಂದಿನಂತೆ ಏಳನೇ ಸಾಲಿಗೆ ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಅವನು ಮೂಲೆ ತಿರುಗಿದ ಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಸುತ್ತಿಗೆ, ಒಂದು ಉಳಿ ಕೊಂಡಳು. ಆಮೇಲೆ ಜೀವನದಲ್ಲಿ ಮೊದಲ ಸಲ ಕ್ಲಬ್ಬಿನ ಟಿಕೆಟ್ಟು ಕೊಂಡಳು.

ಮೆಟ್ಟಿಲ ಕೊನೆಯ ಹಂತದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ, ಗೇಟಿಗೆ ಮುಖ ಮಾಡಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಗುರುತು ಹಿಡಿದವರು ಬಿಡುತ್ತಾರೆಯೇ. ಅಪಶಕುನ ಬಂತು ನೋಡ್ರೋ ಎಂದರು. ಕಡಲೆಕಾಯಿ ಸಿಪ್ಪೆ ಎಸೆದರು. ಒಬ್ಬ ಬಗ್ಗಿ, ಅಕ್ಕಾ, ಆಟ ಆ ಕಡೆ ಇದೆ ಅಂದ.

“ನೀವು ಆ ಕಡೆ ನೋಡ್ಕೊಳ್ಳಪ್ಪ. ಈ ಕಡೆ ನಾನು ನೋಡ್ಕೋತೀನಿ.”

ಹೇಳುವಾಗ ಧೈರ್ಯವಿತ್ತು ಎಂದಲ್ಲ. ಮುಂಚೆ ಗೇಟಿನ ಹೊರಗಿದ್ದಳು, ಈಗ ಒಳಗೆ. ಜನ ಇಳಿದು ಬಂದರೆ ಮೊದಲು ಸರಳಿಗೆ ಒತ್ತಿಹೋಗುವುದು ಅವಳದೇ ಮೈ. ಅದು ಗೊತ್ತಿದ್ದೂ ತೊಂಬತ್ತು ನಿಮಿಷ ಕೂತಳು. ಎದ್ದಾಗ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಮುಂದಿನ ಆಟಕ್ಕೂ ಹೋದಳು, ಅದರ ಮುಂದಿನದಕ್ಕೂ. ಕ್ಲಬ್ಬು ಒಂದು ಗೆದ್ದಿತು, ಎರಡು ಸೋತಿತು. ದೊಡ್ಡ ಕಾಲ ಮುಗಿದಿತ್ತು. ಬೀಗ ಎಷ್ಟೇ ದಪ್ಪವಾದರೂ ಉದ್ದಕಾಲನಿಗೆ ವಯಸ್ಸಾಗುವುದನ್ನು ತಡೆಯಲಿಲ್ಲ. ಅದನ್ನು ಒಪ್ಪಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ.

ಐದನೆಯ ಆಟದ ದಿನ, ಅರ್ಧ ಆಟ ಮುಗಿದು ಮತ್ತೆ ಶುರುವಾದ ಮೇಲೆ, ಮೇಲಿಂದ ಒಬ್ಬನೇ ಮೆಟ್ಟಿಲು ಇಳಿದು ಬರುವುದು ಕೇಳಿಸಿತು. ಅವಳ ಕೈ ಚೀಲದೊಳಗೆ ಹೋಯಿತು. ತಿರುಗಿ ನೋಡಿದರೆ ಗಂಡ. ಆಟ ನಡೆಯುತ್ತಿರುವಾಗ ಅವನು ತಾನಾಗಿ ಏಳನೇ ಸಾಲಿನಿಂದ ಎದ್ದು ಬಂದದ್ದನ್ನು ಯಾರೂ ಕಂಡಿರಲಿಲ್ಲ.

“ಜರುಗು ಸ್ವಲ್ಪ” ಅಂದ.

ಜರುಗಿದಳು. ಅವನೂ ಗೇಟಿಗೆ ಮುಖ ಮಾಡಿ ಕೂತ. ಆ ದೊಡ್ಡ ಬೀಗವನ್ನು ನೋಡಿದ. ಚೀಲದಲ್ಲಿ ಏನು ಎಂದು ಕೇಳಿದ. ಸುತ್ತಿಗೆ, ಉಳಿ ಅಂದಳು. ಅವನು ನಗಲಿಲ್ಲ.

“ಆವತ್ತು ನನ್ನ ಕಾಲು ನೆಲದ ಮೇಲೆ ಇರ್ಲಿಲ್ಲ ಕಣೇ” ಅಂದ, ಅವಳ ಕಡೆ ನೋಡದೆ. “ಜನರೇ ಎತ್ಕೊಂಡಿದ್ರು. ಪಕ್ಕದಲ್ಲಿದ್ದೋನ ತುಟಿ ನೀಲಿ ಆಗಿತ್ತು. ನಾನು ಕೂಗ್ತಾ ಇದ್ದೀನಿ ಅಂದ್ಕೊಂಡಿದ್ದೆ. ಸದ್ದೇ ಬರ್ತಿರ್ಲಿಲ್ಲ.”

ಅವಳು ಚೀಲವನ್ನು ಇಬ್ಬರ ನಡುವೆ ಸರಿಸಿಟ್ಟಳು. 

ಅಷ್ಟರಲ್ಲಿ ಬೆನ್ನ ಹಿಂದೆ ಗೋಲು ಬಿತ್ತು. ಆರು ಸಾವಿರ ಜನ ಒಟ್ಟಿಗೆ ಎದ್ದರು, ಮೆಟ್ಟಿಲು ಅವರಿಬ್ಬರ ಕೆಳಗೆ ನಡುಗಿತು. ಹುಟ್ಟಿದಾಗಿನಿಂದ ಬೇಕೆಂದು ಒಂದು ಗೋಲನ್ನೂ ತಪ್ಪಿಸಿಕೊಂಡಿರದ ಆ ಮನುಷ್ಯ ತಲೆ ತಿರುಗಿಸಲಿಲ್ಲ. ಅವಳ ಚೀಲದೊಳಗೆ ಕೈ ಹಾಕಿ ಸುತ್ತಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.  ಇಬ್ಬರೂ ಮೆಟ್ಟಿಲ ಮೇಲಿಂದ ಯಾರಾದರೂ ಇಳಿಯುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೂತರು.